ಎರಡರಷ್ಟು ದೊಡ್ಡ ತಂಬಿಟ್ಟು

ಮಗಳ ಜ್ವರ ಇಳಿದರೆ ಎರಡರಷ್ಟು ದೊಡ್ಡ ತಂಬಿಟ್ಟಿನ ಆರತಿ ತರುತ್ತೇನೆಂದು ಊರ ದೇವಿಗೆ ಹರಕೆ ಹೊತ್ತಿದ್ದೆ. ಜ್ವರ ಇಳಿಯಿತು. ಅಕ್ಕಿಹಿಟ್ಟು, ಬೆಲ್ಲ ಕಲಸಿ, ಎತ್ತರ ಎರಡರಷ್ಟು, ಅಗಲ ಎರಡರಷ್ಟು ಕಟ್ಟಿ, ತುದಿಯಲ್ಲಿ ತುಪ್ಪದ ದೀಪ ಹಚ್ಚಿ ತಲೆಮೇಲೆ ಹೊತ್ತೆ. ಗುಡಿಯ ಬಾಗಿಲಲ್ಲಿ ಅದು ಬುಡದಿಂದ ಬಿರಿದು ಕುಸಿಯಿತು. "ತಾಯಿ ಒಪ್ನಿಲ್ಲ," ಎಂದರು ಅತ್ತೆ. ಆಮೇಲೆ ಎರಡು ವರ್ಷ ನನ್ನ ಕೈಗೆ ಆರತಿತಟ್ಟೆ ಕೊಡಲಿಲ್ಲ.

ಈ ಸಲ ಹಬ್ಬಕ್ಕೆ ಮೂರು ದಿನವಿತ್ತು. ಪಾಂಡವಪುರದ ಕಾಲೇಜಿನಲ್ಲಿ ಸೈನ್ಸ್ ಓದುವ ಮಗಳು ಟೀವಿಯಲ್ಲಿ ಸಿನಿಮಾ ಹಾಕಿದ್ದಳು. ನಾಯಕ ಒಂದು ಗುಂಡಿ ಒತ್ತಿದರೆ ಕಡಲೆಕಾಳಿನಷ್ಟಾಗುತ್ತಾನೆ, ಇನ್ನೊಂದು ಒತ್ತಿದರೆ ತೆಂಗಿನಮರ ಮೀರಿ ಬೆಳೆಯುತ್ತಾನೆ. ನಾನು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ.

"ಇಂಗೆ ಬೆಳೆದ್ರೆ ಅವನ ಕಾಲೇ ಮುರೀತದೆ ಕನವ್ವ," ಎಂದಳು ಮಗಳು. "ಉದ್ದ, ಅಗಲ, ದಪ್ಪ ಮೂರೂ ಎರಡರಷ್ಟಾದ್ರೆ ತೂಕ ಎಂಟರಷ್ಟಾಯ್ತದೆ. ಹೊರೋ ಪಾದದ ಹರವು ನಾಕರಷ್ಟೇ."

ಸೊಪ್ಪು ಕೈಯಲ್ಲೇ ಉಳಿಯಿತು. "ನನ್ನ ತಂಬಿಟ್ಟು?"

"ಅದೂ ಅಷ್ಟೇಯ."

ಪಕ್ಕದಲ್ಲೇ ಕೂತಿದ್ದ ಅತ್ತೆಗೆ ಹೇಳಿದೆ: "ಕೇಳುದ್ರಾ? ಅವತ್ತು ತಾಯಿ ತಳ್ಳಲಿಲ್ಲ. ತೂಕಕ್ಕೆ ಬಿದ್ದದ್ದು."

"ಅಂಗಾರೆ ಮೂರ್ ಹೆಜ್ಜೇಲಿ ಲೋಕ ಅಳೆದ ದೇವ್ರು ಸುಳ್ಳೇನೇ? ಅವನ ಕಾಲು ಮುರೀತಾ?"

"ದೇವ್ರನ್ನ ಇದಕ್ಕೆ ಎಳೀಬ್ಯಾಡಿ. ಗುಂಡಿ ಒತ್ತಿ ಬೆಳೆದೆ ಅನ್ನೋ ಆ ಸಿನಿಮಾದವನು ಲೆಕ್ಕ ಕೊಡ್ಬೇಕು. ತಂಬಿಟ್ಟು ಕಟ್ಟಿದ್ದು ನಾನು, ನಾನೂ ಕೊಡ್ಬೇಕು. ದೇವ್ರು ಯಾರಿಗೆ ಕೊಡಬೇಕು? ಈ ಸಲ ಆರತಿ ನಾನೇ ಹೊರ್ತೀನಿ."

"ಮತ್ತೆ ಬಿದ್ರೆ?"

"ಬಿದ್ರೆ ಇನ್ನು ಗುಡಿ ಮೆಟ್ಲು ಹತ್ತಲ್ಲ."

ಹಬ್ಬದ ದಿನ ಅಟ್ಟದ ಮೇಲಿಟ್ಟಿದ್ದ ತಟ್ಟೆಯನ್ನು ಯಾರನ್ನೂ ಕೇಳದೆ ಇಳಿಸಿಕೊಂಡೆ. ಅವತ್ತಿನಷ್ಟೇ ಹಿಟ್ಟು ಅಳೆದು ಮಾಮೂಲಿ ಅಳತೆಯ ಎಂಟು ಸಣ್ಣ ತಂಬಿಟ್ಟು ಕಟ್ಟಿ, ಒಂದೊಂದರ ತುದಿಗೂ ದೀಪ ಹಚ್ಚಿದೆ. ಹರಕೆಯ ಹಿಟ್ಟಿನಲ್ಲಿ ಒಂದು ಚಿಟಿಕೆಯೂ ಕಡಿಮೆ ಮಾಡಲಿಲ್ಲ. ಗುಡಿಯ ಬಾಗಿಲಲ್ಲಿ, ಹಿಂದೆ ಕುಸಿದ ಅದೇ ಜಾಗದಲ್ಲಿ, ಬೇಕೆಂದೇ ಒಂದು ಗಳಿಗೆ ನಿಂತೆ. ಅತ್ತೆ ಒಂದಾದರೂ ವಾಲುತ್ತದೇನೋ ಎಂದು ನೋಡುತ್ತಿದ್ದರು. ಒಂದೂ ವಾಲಲಿಲ್ಲ.

ಪೂಜೆ ಮುಗಿದ ಮೇಲೆ ಅವರೇ ಕೈ ಚಾಚಿ ಪ್ರಸಾದ ಕೇಳಿದರು. ಎಂಟು ದೀಪವೂ ಆರದಂತೆ ಗಾಳಿ ಸುಮ್ಮನಿದ್ದದ್ದು ತಾಯಿಯ ದಯೆ, ಕೈಮುಗಿದೆ. ಹಿಟ್ಟು ನಿಂತದ್ದಕ್ಕೆ ಮಾತ್ರ ನಾನು ಯಾರ ದಯೆಯನ್ನೂ ಬೇಡಿರಲಿಲ್ಲ.