ಕುಬಸ ಹೊಲಿಯೆನೆಂದ ಮೌಶಿ

ಅವಳ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹೊಲಿಗೆ ಕಲಿಯುವಾಗ ಮಷಿನ್ ಸೂಜಿ ಅದರೊಳಗೆ ಹಾದು ಹೋಗಿತ್ತಂತೆ. ಆ ಉಗುರಿನಿಂದಲೇ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿ ಹಾಕುತ್ತಿದ್ದಳು, ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ‘ಸುಣ್ಣ ಕಲಿಯೋರಿಗಿ’ ಎನ್ನುವ ಜಂಬ ಬೇರೆ.

ಗಡಿಯ ಊರು ನಿಲಂಗಾದಲ್ಲಿ ನಮ್ಮ ಓಣಿಯ ತುದಿಗೆ ಅವಳ ಅಂಗಡಿ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಕಾಲಲ್ಲಿ ತುಳಿಯುವ ಒಂದು ಮಷಿನ್, ಗಿರಾಕಿಗಳಿಗೊಂದು ಬೆಂಚು. ಮರಾಠಿಯವರು, ಕನ್ನಡದವರು, ಎಲ್ಲರ ಬಾಯಲ್ಲೂ ಅವಳು ಮೌಶಿ, ಅಂದರೆ ಚಿಕ್ಕಮ್ಮ. ಎದೆಯ ಅಳತೆ ಹಿಡಿಯುವಾಗ ‘ಉಸರ ತಗೋ, ಬಿಡು, ಮತ್ತ ತಗೋ’ ಎನ್ನುತ್ತಿದ್ದಳು. ನಮ್ಮಂಥ ದಪ್ಪನೆಯವರು ಹೊಟ್ಟೆ ಎಳೆದು ನಿಂತರೆ ಟೇಪಿನಿಂದಲೇ ಒಂದೇಟು. ‘ನನ್ನ ಮುಂದ ಯಾಕ ಸುಳ್ಳ? ನಾಳಿಗಿ ಊಟ ಮಾಡಿ ಕುಂತಾಗ ಗುಂಡಿ ಹರೀತಾವ, ಆಗ ನನಗೇ ಬೈತಿ!’

ಆ ಏಟು ನಾನೂ ತಿಂದಿದ್ದೇನೆ. ಉಮರ್ಗಾದಿಂದ ಸೊಸೆಯಾಗಿ ಬಂದಾಗಲೇ ನಾನು ದಪ್ಪ, ಎರಡನೆಯ ಸಲ ಬಸುರಾದಾಗ ನೂರು ಕಿಲೋ ದಾಟಿದ್ದೆ. ಮೊದಲನೆಯ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಈ ಸಲ ಮನೆಯವರೆಲ್ಲ ನನ್ನನ್ನು ಅಂಗೈಯಲ್ಲಿಟ್ಟುಕೊಂಡಿದ್ದರು. ನನಗೋ ಸದಾ ನಿದ್ದೆ. ರೊಟ್ಟಿ ಮುರಿಯುತ್ತಲೇ ತೂಕಡಿಸುತ್ತಿದ್ದೆ. ಎಷ್ಟು ಮಲಗಿ ಎದ್ದರೂ ತಲೆ ಕಲ್ಲಿನಷ್ಟು ಭಾರ. ನನ್ನ ಗೊರಕೆ ತಾಳಲಾರದೆ ಗಂಡ ಹೊರಗಿನ ಕೋಣೆ ಸೇರಿದ್ದ. ‘ಗಿರಣಿ ಚಾಲೂ ಆಯ್ತು’ ಎಂದು ಮೈದುನ ನಗುತ್ತಿದ್ದ, ನಾನೂ ನಗುತ್ತಿದ್ದೆ. ‘ಎರಡ ಜೀವದಾಕಿ, ಮಲಗ್ಲಿ ಬಿಡ್ರಿ’ ಎಂದು ಅತ್ತೆ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ಏಳನೆಯ ತಿಂಗಳಿಗೆ ಕುಬಸದ ದಿನ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ, ಉಡಿ ತುಂಬುವ ಕಾರ್ಯ. ದೇವಣಿಯ ಬಳಗಕ್ಕೆಲ್ಲ ಹೇಳಿಯಾಗಿತ್ತು. ಅಳತೆ ಕೊಡಲೆಂದು ಒಂದು ಮಧ್ಯಾಹ್ನ ಮೌಶಿಯ ಬೆಂಚಿನ ಮೇಲೆ ಕೂತವಳು ಗೋಡೆಗೊರಗಿ ನಿದ್ದೆ ಹೋದೆ.

ಎಚ್ಚರಾದಾಗ ಮಷಿನ್ ಸದ್ದಿರಲಿಲ್ಲ. ಮೌಶಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ‘ಅಳತಿ ಬರೋಬರ್ ಆಗಿಲ್ಲ, ನಾಳಿಗಿ ಇದೇ ಹೊತ್ತಿಗಿ ಬಾ’ ಎಂದಳಷ್ಟೇ. ಹೀಗೆ ಮೂರು ಮಧ್ಯಾಹ್ನ ಕರೆಸಿದಳು. ಪಂಚಮಿ ಹಬ್ಬಕ್ಕೆ ಹೊಲಿಯಬೇಕಿದ್ದ ಜಂಪರುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನಾನು ಹೋಗಿ ಕೂರುವುದು, ಗೊರಕೆ ಹೊಡೆಯುವುದು, ನಾಚಿಕೊಂಡು ಎದ್ದು ಬರುವುದು.

ನಾಲ್ಕನೆಯ ದಿನ ಅವಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕುಬಸವಿಲ್ಲ. ಒಳಪದರಕ್ಕೆ ಹಾಕುವ ಅಸ್ತರಿನ ಬಿಳಿ ಬಟ್ಟೆಯ ಒಂದು ಉದ್ದನೆಯ ಪಟ್ಟಿ, ಅದರ ತುಂಬ ಕೆಂಪು ದಾರದ ಹೊಲಿಗೆಗಳು. ಕೆಲವು ಗೇಣುದ್ದ, ಕೆಲವು ಮೊಳದುದ್ದ.

‘ಇದೇನ ಮೌಶಿ?’ ಅತ್ತೆ ಕೇಳಿದರು.

‘ನಿಮ್ಮ ಸೊಸಿ ಮಲಗಿದಾಗ ಆಕಿ ಉಸರ ನಿಲ್ತದ್ರಿ ಅಕ್ಕಾ. ನಿಂತ ಕೂಡ್ಲೆ ನಾ ಮಷಿನ್ ತುಳದೀನಿ, ಆಕಿ ಗಕ್ಕನ ಉಸರ ತಗೊಂಡಾಗ ಬಿಟ್ಟೀನಿ. ಒಂದೊಂದ ಹೊಲಿಗಿ ಒಂದೊಂದ ಸಲ. ಇಲ್ಲಿ ನೋಡ್ರಿ, ಮೊಳ ಉದ್ದ! ಇಷ್ಟ ಹೊತ್ತ ಆಕಿಗಿ ಉಸರಿಲ್ಲಂದ್ರ ಹೊಟ್ಟ್ಯಾಗಿನ ಕೂಸಿಗಿ ಎಲ್ಲಿಂದ ಬರಬೇಕು?’

ಅತ್ತೆಗೆ ಸಿಟ್ಟು ನೆತ್ತಿಗೇರಿತು. ‘ಗೊರಕಿ ಯಾರ ಹೊಡ್ಯಾಂಗಿಲ್ಲ? ಶುಭ ಕಾರ್ಯದ ಮುಂದ ಅಪಶಕುನ ನುಡೀಬ್ಯಾಡ. ಕುಬಸ ಎಲ್ಲದ?’

‘ಹೊಲ್ದಿಲ್ಲ. ಉದಗೀರ ಡಾಕ್ಟರಿಗಿ ಇದನ್ನ ತೋರ್ಸಿ ಬರ್ರಿ. ಅಲ್ಲೀತನಕ ಹೊಲ್ಯಾಂಗಿಲ್ಲ.’

‘ಮಂದೀನ್ನೆಲ್ಲ ಕರದೀನಿ! ಇಷ್ಟ ಸೊಕ್ಕಾ ನಿನಗ?’

‘ಹೌದ್ರಿ, ಸೊಕ್ಕೇ. ಕುಬಸ ಇಲ್ಲಂತ ಮಂದಿ ನಗ್ತಾರ, ನಗ್ಲಿ. ಈ ಕೂಸೂ ಹೋತಂದ್ರ ನಾ ಆ ಮಷಿನ್ ಮುಂದ ಹ್ಯಾಂಗ ಕೂಡ್ಲಿ?’

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. ಆಮೇಲೆ ನನ್ನ ಗಂಡನಿಗೆ ‘ಗಾಡಿ ತಗೀ’ ಎಂದರು. ಮೌಶಿಯೂ ಹತ್ತಿದಳು.

ಉದಗೀರಿನ ಡಾಕ್ಟರಬಾಯಿಯ ಹತ್ತಿರ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆದರೆ ಗೊರಕೆಯ ಮಾತು ಎತ್ತಲು ನಾಚಿಕೆ, ಎತ್ತಿರಲಿಲ್ಲ. ಮೌಶಿ ಪಟ್ಟಿಯನ್ನು ಅವರ ಮೇಜಿನ ಮೇಲೆ ಹಾಸಿ, ಮೊಳದುದ್ದದ ಹೊಲಿಗೆಯ ಮೇಲೆ ಬೆರಳು ಸರಿಸುತ್ತ, ತಾನು ಮಷಿನ್ ತುಳಿಯುವ ಗತಿಯಲ್ಲೇ ನೆಲ ತುಳಿದು ತೋರಿಸಿದಳು. ಡಾಕ್ಟರಬಾಯಿ ಗಡಿಯಾರ ನೋಡುತ್ತಿದ್ದರು. ಬೆರಳು ತುದಿ ಮುಟ್ಟುವಷ್ಟರಲ್ಲಿ ಅರ್ಧ ನಿಮಿಷ ದಾಟಿತ್ತು. ಅವರು ಎದ್ದು ನಿಂತುಬಿಟ್ಟರು. ‘ಇವಳ ಬಿಪಿ ಯಾಕೆ ಇಳಿಯುತ್ತಿಲ್ಲವೆಂದು ನಾನೂ ತಲೆ ಕೆಡಿಸಿಕೊಂಡಿದ್ದೆ’ ಎಂದು ಮರಾಠಿಯಲ್ಲಿ ಹೇಳಿ, ಅಂದೇ ಲಾತೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಲಾತೂರಿನಲ್ಲಿ ಮೈಗೆಲ್ಲ ತಂತಿ ಹಚ್ಚಿ ಮಲಗಿಸಿದರು. ಮೌಶಿ ಹೇಳಿದ್ದನ್ನೇ ಯಂತ್ರವೂ ಹೇಳಿತು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆ, ಮೈ ದಪ್ಪವಿದ್ದ ಬಸುರಿಯರಿಗೆ ಬರುವುದು ಹೆಚ್ಚಂತೆ. ಮೂಗಿಗೆ ಕಟ್ಟಿಕೊಂಡು ಮಲಗಲು ಗಾಳಿ ಊದುವ ಒಂದು ಯಂತ್ರ ಕೊಟ್ಟರು. ಅದನ್ನು ಕಟ್ಟಿಕೊಂಡು ಮಲಗಿ ಎದ್ದ ಮೊದಲ ಬೆಳಗು, ಅಬ್ಬಾ, ತಲೆ ಎಷ್ಟು ಹಗುರ! ವರ್ಷಗಳ ಮೇಲೆ ನಿದ್ದೆ ಮಾಡಿದ್ದೆ. ಬಿಪಿ ಹಿಡಿತಕ್ಕೆ ಬಂತು. ಮೌಶಿ ಕುಬಸ ಹೊಲಿದುಕೊಟ್ಟಳು, ಕಾರ್ಯ ಎಂಟು ದಿನ ತಡವಾಗಿ ಆಯಿತು.

‘ನಿನಗ ಹ್ಯಾಂಗ ಗೊತ್ತಾಯ್ತು ಮೌಶಿ?’ ಎಂದು ಕೇಳಿದ್ದಕ್ಕೆ ಅವಳು ನನ್ನನ್ನು ದಡ್ಡಿಯಂತೆ ನೋಡಿದಳು. ‘ನಲವತ್ತ ವರ್ಷ ಹೆಂಗಸರ ಎದಿ ಅಳದೀನಿ. ಉಸರ ಬರೂದು ಹೋಗೂದು ನೋಡೂದೇ ನನ್ನ ಕೆಲಸ. ಬರ್ಲಿಲ್ಲಂದ್ರ ಗೊತ್ತಾಗೂದಿಲ್ಲೇನು?’ ಮೂರನೆಯ ಇಯತ್ತೆ ದಾಟದ ಹೆಂಗಸು! ಡಿಗ್ರಿ ಓದಿದ ನಾನು ನನ್ನ ಗೊರಕೆಗೆ ನಾನೇ ನಗುತ್ತಿದ್ದೆ.

ಹೋದ ವರ್ಷ ಮೌಶಿ ತೀರಿಕೊಂಡಳು. ನಾನು ತವರಿಗೆ ಹೋಗಿದ್ದೆ, ಬರುವಷ್ಟರಲ್ಲಿ ಮಣ್ಣಾಗಿತ್ತು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ. ಅವಳನ್ನು ನೆನೆದಾಗ ಕಣ್ಣಿಗೆ ಕಟ್ಟುವುದು ನಾನು ಬಾಣಂತಿಯಾಗಿದ್ದಾಗಿನ ಒಂದು ದಿನ.

ಮಗಳು ಹುಟ್ಟಿ ವಾರವಾಗಿತ್ತು. ಬಂದವರೆಲ್ಲ ನೆಟ್ಟಗೆ ತೊಟ್ಟಿಲ ಹತ್ತಿರ ಹೋಗುತ್ತಿದ್ದರು. ಮೌಶಿ ಕೂಸಿನ ತಲೆಗೆ ಕಟ್ಟಲೆಂದು ಕುಂಚಿಗೆ ಹೊಲಿದು ತಂದಿದ್ದಳು, ಆದರೆ ತೊಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ. ‘ಮದಲ ನೀ ಮಲಗು’ ಎಂದಳು. ಯಂತ್ರ ಕಟ್ಟಿಕೊಂಡು ಮಲಗಿದೆ. ಎರಡು ತಾಸು ಅವಳು ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಎದೆಯನ್ನೇ ನೋಡುತ್ತ ಕೂತಿದ್ದಳಂತೆ. ಅತ್ತೆ ಕೊಟ್ಟ ಚಹಾ ಹಾಗೇ ಆರಿಹೋಯಿತಂತೆ.

ನಾನು ಕಣ್ಣು ಬಿಟ್ಟೆ. ‘ಒಂದ ಸಲನೂ ನಿಂತಿಲ್ಲ’ ಎಂದಳು. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಅತ್ತೆಯ ಮುಂದೆ ಸೆರಗು ಚಾಚಿದಳು.

‘ಈಗ ಕೊಡ್ರಿ ಅಕ್ಕಾ, ಕೂಸಿನ್ನ ನೋಡ್ತೀನಿ.’