ಕಾರಿಗೆ ಗಾಳಿ ಸೋಸಿ ಕೊಟ್ಟದ್ದು

ಸೋಸದೆ ಇದ್ದ ಯಾವುದನ್ನೂ ನಂಬುವವಳಲ್ಲ ನಾನು. ನೀರಿಗೆ ಎರಡು ಮಡಿಕೆ ಬಟ್ಟೆ, ಹಿಟ್ಟಿಗೆ ಜರಡಿ, ಮಜ್ಜಿಗೆಗೂ ಒಂದು ತೆಳ್ಳನೆಯ ಅರಿವೆ. ಅತ್ತೆಯವರು ಮಡಿ ಎಂದು ಕಲಿಸಿದ್ದನ್ನೂ ಕಾನ್ವೆಂಟಿನ ಸಿಸ್ಟರುಗಳು ಶುಚಿ ಎಂದು ಕಲಿಸಿದ್ದನ್ನೂ ಕೂಡಿಸಿದರೆ ನನ್ನಂಥವಳು ತಯಾರಾಗುತ್ತಾಳೆ. ಇಂಥವರಿಂದ ಲೋಕಕ್ಕೆ ಏನೂ ತೊಂದರೆಯಿಲ್ಲವೆಂದೇ ಬಹಳ ದಿನ ತಿಳಿದಿದ್ದೆ.

ಹತ್ತಿಯ ಹಂಗಾಮಿನಲ್ಲಿ ನಮ್ಮೂರು ಆದವಾನಿಯ ಗಾಳಿಯೇ ಬೇರೆ. ಜಿನ್ನಿಂಗ್ ಮಿಲ್ಲುಗಳಿಂದ ಹಾರಿದ ಎಳೆಗಳು ತುಳಸಿಯ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ಇವರ ಕರಿಕೋಟಿನ ಮೇಲೆ. ಇವರು ಎಂದರೆ ನನ್ನ ಯಜಮಾನರು, ವಕೀಲರು. ಆ ವರ್ಷ ಮೆಕ್ಯಾನಿಕ್ ಮಾಬುಸಾಬ ನಮ್ಮ ಹಳೆಯ ಕಾರಿನ ಬಾನೆಟ್ ಎತ್ತಿ, ಇಂಜಿನ್ನು ಉಸಿರೆಳೆದುಕೊಳ್ಳುವ ಏರ್ ಕ್ಲೀನರ್ ಡಬ್ಬಿಯಿಂದ ಒಂದು ಮುಷ್ಟಿ ಹತ್ತಿ ತೆಗೆದ.

"ನೋಡ್ರಿ ಅಮ್ಮಾರೆ, ದೀಪಕ್ಕ ಬತ್ತಿ ಹೊಸೀಬಹುದು!"

ಅವನು ತಮಾಷೆಗೆ ಅಂದದ್ದು. ನನಗೆ ಮಾತ್ರ ನನ್ನ ಅಡಿಗೆಮನೆಯಲ್ಲೇ ಜೇಡರಬಲೆ ತೋರಿಸಿದಷ್ಟು ನಾಚಿಕೆಯಾಯಿತು. ಮರುದಿನವೇ ಇವರ ಹಳೆಯ ಪಂಚೆ ಹರಿದು, ಎರಡು ಮಡಿಕೆ ಮಾಡಿ, ಅಂಚು ಹೊಲಿದು, ಎಲಾಸ್ಟಿಕ್ ಪೋಣಿಸಿ, ಆ ಡಬ್ಬಿಯ ಮೂತಿಗೆ ತೊಡಿಸಿದೆ. ಯಾರಿಗೂ ಹೇಳಲಿಲ್ಲ. ನೀರು ಸೋಸುವುದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೆ?

ಅಂದಿನಿಂದ ಕಾರಿಗೆ ಅನುಮಾನದ ರೋಗ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಆಮೇಲೆ ಕೆಮ್ಮಿ, ಮುಗ್ಗರಿಸಿ, ಹಿಂದೆ ಕಪ್ಪು ಹೊಗೆ ಬಿಡುತ್ತಿತ್ತು. ರೈಲ್ವೆ ಗೇಟಿನ ಹತ್ತಿರ ನಿಂತೇ ಹೋಯಿತು. ಹೇಗೋ ಮನೆಗೆ ತಳ್ಳಿಸಿ ತಂದು, ಮರುದಿನ ಇವರು ಮಾಬುಸಾಬನ ಶೆಡ್ಡಿಗೆ ಒಯ್ದರು.

ಇನ್ನು ಹೇಳಬೇಕಾದ್ದನ್ನು ಹೇಳಲೇಬೇಕು. ಕಾರು ಶೆಡ್ಡಿಗೆ ಹೊರಟಾಗಲೆಲ್ಲ ನಾನು ಆ ಬಟ್ಟೆಯನ್ನು ಬಿಚ್ಚಿಟ್ಟುಕೊಳ್ಳುತ್ತಿದ್ದೆ. ನೆಂಟರು ಬರುವ ಮೊದಲು ಎಣ್ಣೆ ಹತ್ತಿದ ದಿಂಬಿನ ಚೀಲ ತೆಗೆಯುವುದಿಲ್ಲವೆ, ಹಾಗೆ. ಹರಕು ಪಂಚೆ ಪರರ ಕಣ್ಣಿಗೆ ಬೀಳಬಾರದು! ಕಾರು ಮನೆಗೆ ಬಂದ ಮೇಲೆ ಒಗೆದ ಬಟ್ಟೆಯನ್ನು ಮತ್ತೆ ತೊಡಿಸುತ್ತಿದ್ದೆ. ಹೀಗಾಗಿ ಶೆಡ್ಡಿನಲ್ಲಿ ಕಾರು ಸಾಧು. ನಮ್ಮ ಬೀದಿಗೆ ಬಂದರೆ ರೋಗಿ.

ಮಾಬುಸಾಬ ಮೂರು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದ. "ಪ್ಲಗ್ ಕರ್ರಗಾಗ್ಯಾವ್ರಿ, ಗಾಳಿ ಸಾಲವಲ್ದು ಅನಸ್ತೈತಿ. ಆದ್ರ ಗಾಳಿ ದಾರಿ ಸಾಫ್ ಐತಿ. ಏನ್ ಮಾಯಾನೋ!" ಎಂದ. ಮೂರನೆಯ ಸಲ ನಾನೂ ಹಿಂದಿನ ಸೀಟಿನಲ್ಲಿದ್ದೆ. ಪಕ್ಕದ ಚಹಾದ ಅಂಗಡಿಯಲ್ಲಿ ಲೋಡಿಗಾಗಿ ಕಾಯುವ ನಾಲ್ವರು ಲಾರಿ ಡ್ರೈವರುಗಳು ದಿನದಂತೆ ಕೂತಿದ್ದರು. ಇವರು ಅಷ್ಟೂ ಜನರಿಗೆ ಕೇಳುವಂತೆ, "ನಿನ್ನ ಕೈಲೆ ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ನು ಮಾಬು. ನೀನೇ ಕೆಡಿಸಿಟ್ಟು ನೀನೇ ರಿಪೇರಿ ಮಾಡಬ್ಯಾಡ" ಎಂದರು. ಅವನ ಮುಖ ಸಣ್ಣದಾಯಿತು. ಮರುದಿನದಿಂದ ಹತ್ತಿ ವ್ಯಾಪಾರಿಯೊಬ್ಬರ ಜೀಪು ಬೇರೆ ಶೆಡ್ಡಿಗೆ ಹೋಗತೊಡಗಿತೆಂದು ಕೇಳಿದೆ.

ಮುಂದಿನ ವಾರ ಕೋಸಗಿಯಲ್ಲಿ ನೆಂಟರ ಮಗುವಿನ ತೊಟ್ಟಿಲು. ಕಾರು ಎಲ್ಲಿಯೂ ಕೆಮ್ಮದೆ ಓಡಿತು.

"ನೋಡಿದ್ಯಾ, ಅವನ ಶೆಡ್ಡು ಬಿಟ್ಟ ಮ್ಯಾಲೆ ಗಾಡಿ ತಾನಾಗೇ ಸುಧಾರಿಸ್ತು!" ಎಂದು ಇವರು ಹಿಗ್ಗಿದರು.

ನನಗೆ ಹಿತ್ತಲ ತಂತಿ ನೆನಪಾಯಿತು. ಅವಸರದಲ್ಲಿ ಹೊರಟಿದ್ದೆವು, ಕಾರಿನ ಬಟ್ಟೆ ಅಲ್ಲೇ ಒಣಗುತ್ತಿತ್ತು. ತೊಟ್ಟಿಲ ಮುಂದೆ ಹಾಡು ಹೇಳು ಎಂದರು, ಎರಡು ಸಾಲು ಹಾಡಿ ಮೂರನೆಯದನ್ನು ಮರೆತೆ.

ನಾಲ್ಕು ದಿನ ಸುಮ್ಮನಿದ್ದೆ. ಒಬ್ಬರ ಮಾನ ತೆಗೆಯಲು ದುಷ್ಟರೇ ಆಗಬೇಕೆಂದಿಲ್ಲ. ಅಚ್ಚುಕಟ್ಟಾಗಿದ್ದು ಬಾಯಿ ಮುಚ್ಚಿಕೊಂಡರೆ ಸಾಕು ಎಂಬುದು ಆ ನಾಲ್ಕು ದಿನದ ಸಂಪಾದನೆ. ಐದನೆಯ ದಿನ ರಿಕ್ಷಾ ಹತ್ತಿ ಶೆಡ್ಡಿಗೆ ಹೋಗಿ, ಬಟ್ಟೆಯನ್ನು ಅವನ ಕೈಗಿಟ್ಟು, ಎಲ್ಲ ಹೇಳಿದೆ. ಅವನು ಅದನ್ನು ತಿರುವಿ ತಿರುವಿ ನೋಡಿದ.

"ಹೊಲಿಗಿ ಚೊಲೊ ಐತ್ರಿ" ಎಂದ. ಅದನ್ನು ಮಡಿಸುತ್ತ, "ಯಾವ ಗಾಡಿ ಮುಟ್ಟಿದ್ರೂ ಎರಡೆರಡು ಸಲ ನೋಡಾಕತ್ತಿದ್ದೆ ಅಮ್ಮಾರೆ. ಕಲಿತದ್ದು ಕೈಬಿಟ್ಟು ಹೋತೇನೋ ಅಂತ ಅಂಜಿಕಿ ಬಂದಿತ್ತು."

"ತಪ್ಪಾಯ್ತು ಮಾಬುಸಾಬ" ಎಂದೆ, ಮೆಲ್ಲಗೆ.

"ನನಗ ಹೇಳಿ ಏನ್ ಬಂತು? ನನಗ ಈಗ ಗೊತ್ತಾತು. ಅವರಿಗೆ ಹೇಳ್ರಿ" ಎಂದು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾದಿಂದ ಚಹಾದ ಅಂಗಡಿ ತೋರಿಸಿದ.

ಸೆರಗು ಬಿಗಿಹಿಡಿದು ಹೋಗಿ ಆ ಡ್ರೈವರುಗಳಿಗೆ ಹೇಳಿದೆ. ಒಬ್ಬ ಬಸಿಯಲ್ಲಿನ ಚಹಾ ಚೆಲ್ಲಿಕೊಂಡು ನಕ್ಕ. "ಏ ಮಾಬೂ, ನಮ್ಮ ಲಾರಿಗೂ ಒಂದು ಚಡ್ಡಿ ಹೊಲಿಸೋ!" ಎಂದ. ಮಾಬುಸಾಬ ನಗಲಿಲ್ಲ, ಆದರೆ ಯಾರದೋ ಗಾಡಿಯ ನಟ್ಟು ಬಿಗಿದು, ಎರಡನೆಯ ಸಲ ನೋಡದೆ ಬಾನೆಟ್ ಮುಚ್ಚಿದ.

ಸಂಜೆ ಇವರಿಗೆ ಹೇಳಿದೆ. ಇವರು ಕೋಟಿನ ಮೇಲಿನ ಹತ್ತಿಯ ಎಳೆ ಕೀಳುತ್ತ, "ನಾಲ್ಕೂ ಮಂದಿ ಇದ್ರಾ?" ಎಂದು ಕೇಳಿದರು.

"ಮೂರೇ ಮಂದಿರೀ. ಒಬ್ಬಾತ ಲೋಡು ತಗೊಂಡು ಮುಂಬೈ ಕಡೆ ಹೋಗ್ಯಾನಂತ."

ಮರುದಿನ ಕೋರ್ಟಿಗೆ ಹೋಗುವ ಮೊದಲು ಇವರೂ ಶೆಡ್ಡಿಗೆ ಹೋಗಿಬಂದರು. ಏನು ಹೇಳಿದರೋ ನಾನು ಕೇಳಲಿಲ್ಲ. ಹತ್ತಿ ವ್ಯಾಪಾರಿಯ ಜೀಪು ಅವನ ಶೆಡ್ಡಿಗೆ ಮರಳಿ ಬಂತು. ಆದರೆ ಆ ನಾಲ್ಕನೆಯವನು ಆದವಾನಿಗೆ ಮತ್ತೆ ಬರಲೇ ಇಲ್ಲವಂತೆ. ಯಾವ ಊರಿನ ಯಾವ ಚಹಾದಂಗಡಿಯಲ್ಲಿ ಕೂತು, "ಆದವಾನಿ ಮಾಬುಗ ಕೆಲಸ ಬರಂಗಿಲ್ಲ" ಎನ್ನುತ್ತಿದ್ದಾನೋ. ಅವನ ಹೆಸರೂ ನನಗೆ ತಿಳಿಯದು. ಇದನ್ನು ಓದುತ್ತಿರುವ ನೀವು ನಾಲ್ಕೂರು ತಿರುಗುವವರು. ಎಲ್ಲಾದರೂ ಸಿಕ್ಕರೆ ದಯಮಾಡಿ ಹೇಳಿಬಿಡಿ, ಅಲ್ಲಿ ಕೂತ ಉಳಿದವರಿಗೂ ಕೇಳುವಷ್ಟು ಗಟ್ಟಿಯಾಗಿ.