ತೆಂಗಿನ ಸಂಬಂಧ ಇಲ್ಲದವರು

ಹಾಸಿಗೆ ಹಿಡಿದವರ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುವುದರ ಬಗ್ಗೆ ಅರಸೀಕೆರೆಯ ನಾವು ಮೂವರು ನರ್ಸಿಂಗ್ ಟೀಚರುಗಳು ಬರೆದ ಲೇಖನ ಜರ್ನಲ್‌ನಿಂದ ಮತ್ತೆ ವಾಪಸ್ ಬಂತು. ಅದು ಅಚ್ಚಾಗದೆ ನನಗೆ ಬಡ್ತಿಯಿಲ್ಲ. ಸಾಕಾಗಿ, ಕನ್ನಡದವರೇ ಆದರೂ ಮುಂಬೈಯಲ್ಲೇ ಬೆಳೆದ ಅದರ ಸಂಪಾದಕಿಗೆ ಫೋನ್ ಮಾಡಿದೆ.

“ಲೇಖಕರಿಗೆ ತೆಂಗಿನಿಂದ ಲಾಭ ಇದ್ರೆ ಮೊದಲೇ ತಿಳಿಸಬೇಕು ಮೇಡಂ. ನಿಯಮ.”

“ನಮ್ಮದು ತೋಟ. ಒಬ್ಬರ ಮಾವಂದು ಕೊಬ್ಬರಿ ವ್ಯಾಪಾರ. ಇನ್ನೊಬ್ಬರ ಮನೇಲಿ ಎಣ್ಣೆ ಗಾಣ.”

“ತೆಂಗಿನ ಸಂಬಂಧ ಇಲ್ಲದೋರು ಒಬ್ಬರೂ ಇಲ್ವಾ?”

“ಅರಸೀಕೆರೇಲಿ ಅಂಥೋರನ್ನ ಎಲ್ಲಿಂದ ತರ್ಲಿ ಮೇಡಂ?”

ಮೂವರ ತೆಂಗಿನ ಸಂಬಂಧವನ್ನೂ ಬರೆದು ಲೇಖನ ಮತ್ತೆ ಕಳಿಸಿದೆ. ಕೆಲವು ದಿನ ಬಿಟ್ಟು ಅವರೇ ಖುಷಿಯಿಂದ ಫೋನ್ ಮಾಡಿದರು. “ನಿಮ್ಮ ಲೇಖನ ಪರಿಶೀಲಿಸೋಕೆ ತೆಂಗಿನ ಸಂಬಂಧವೇ ಇಲ್ಲದೋರು ಸಿಕ್ಕಿದ್ದಾರೆ. ಹೆಸರು ಹೇಳೋ ಹಾಗಿಲ್ಲ. ತಿಪಟೂರಿನವರು.”

ತಿಪಟೂರು ಕೊಬ್ಬರಿಗೇ ಹೆಸರಾದ ಊರು ಅಂತ ನಾನು ಹೇಳಲಿಲ್ಲ. ಅದನ್ನು ತಿಳಿಸಬೇಕು ಅನ್ನುವ ನಿಯಮ ಇರಲಿಲ್ಲ.